ನಲವತ್ತನೇ ವಾರ್ಡಿನ ಎರಡನೇ ಸೀಸನ್ನಿಗೆ ನೂರಕ್ಕೆ ಎಷ್ಟು?

ಟೋಕಿಯೊದ ಯಾವುದೋ ಎತ್ತರದ ಕಟ್ಟಡದಲ್ಲಿ ಕುಳಿತು ‘ನಲವತ್ತನೇ ವಾರ್ಡು’ ಎಂಬ ಅನಿಮೆ ಸರಣಿಯನ್ನು ನಿರ್ದೇಶಿಸುತ್ತಿರುವ ಮಾನ್ಯರೇ,

ಇಳಕಲ್ಲಿನ ನಿವೃತ್ತ ಕನ್ನಡ ಶಿಕ್ಷಕಿ ರುಕ್ಮಿಣೀಬಾಯಿ ಮಾಡುವ ಅನಂತ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ತಾವೂ ಕ್ಷೇಮವಾಗಿದ್ದು, ಎರಡನೇ ಸೀಸನ್ ಮಾಡಿದ ಮೇಲೂ ತಮಗೆ ಅನ್ನ ರುಚಿಸುತ್ತಿದೆ ಎಂದು ನಂಬಿದ್ದೇನೆ.

ತಮ್ಮ ಸರಣಿಯನ್ನು ನಾನು ನೋಡತೊಡಗಿದ್ದೇ ತಪ್ಪು ತಿಳಿವಳಿಕೆಯಿಂದ. ಬಾಗಲಕೋಟೆಯಲ್ಲಿರುವ ನನ್ನ ತಮ್ಮನ ಮಗ ಮಿಲಿಂದ ನಮ್ಮ ಟಿ.ವಿ.ಗೆ ಇಂಟರ್ನೆಟ್ ಜೋಡಿಸಿಕೊಟ್ಟು ಹೋದ ಮರುದಿನ, ಪರದೆಯ ಮೇಲೆ ವಾರ್ಡಿನ ಹೆಸರು ಕಂಡು, ನಳದ ನೀರು ಬಾರದ ವಿಷಯವಿರಬೇಕೆಂದು ಗುಂಡಿ ಒತ್ತಿದೆ. ಅದೇ ಹೊತ್ತಿಗೆ ಹಿಂದಿನ ಓಣಿಯ ನೇಕಾರಳು ತಬಸುಮ ನಾನು ನೇಯಲು ಹೇಳಿದ್ದ ಸೀರೆ ಕೊಡಲು ಬಂದಿದ್ದಳು. ಕಬ್ಬಿಣದ ಎಡಗೈಯ ಹುಡುಗಿ ಮಿನಾಕೊ ಹನ್ನೆರಡನೇ ಮಹಡಿಯಿಂದ ಹಾರಿ, ಓಡುತ್ತಿದ್ದ ಮೋಟರ್‌ಸೈಕಲ್ಲಿನ ಮೇಲೆ ಸರಿಯಾಗಿ ಕುಳಿತದ್ದನ್ನು ನೋಡಿ ತಬಸುಮಳೂ ಕುಳಿತಳು. ಮೂರು ಕಂತು ಮುಗಿದ ಮೇಲೆಯೇ ಎದ್ದಳು. ತಮ್ಮಲ್ಲಿಯ ಕಾರ್ಟೂನಿಗೆ ಅನಿಮೆ, ಅದರಲ್ಲಿ ಮನುಷ್ಯರೂ ಯಂತ್ರಗಳೂ ಬೆರೆತ ಇಂಥ ಕಥೆಗಳಿಗೆ ಸೈಬರ್‌ಪಂಕ್ ಎನ್ನುತ್ತಾರೆಂದು ಮಿಲಿಂದ ಫೋನಿನಲ್ಲಿ ಹೇಳಿದ. ನಾವು ಮಾತ್ರ ‘ಮೀನಾಕ್ಕನ ಕಥಿ’ ಎನ್ನುತ್ತೇವೆ.

ಮೊದಲ ಸೀಸನ್ ಬಗ್ಗೆ ನನ್ನದೇನೂ ತಕರಾರಿಲ್ಲ. ಆ ಕಬ್ಬಿಣದ ಕೈಯನ್ನು ಜೋಡಿಸಿದ್ದ ಕಂಪನಿ, ಮೀನಾಕ್ಕ ಎದುರು ಮಾತಾಡಿದಾಗಲೆಲ್ಲ ತನ್ನ ಕಚೇರಿಯಿಂದಲೇ ಅದನ್ನು ನಿಲ್ಲಿಸಿಬಿಡುತ್ತಿತ್ತು. ಕೊನೆಯ ಕಂತಿನಲ್ಲಿ ಅವಳು ಕಂಪನಿಯ ಮಾಳಿಗೆ ಹತ್ತಿ, ತನ್ನ ಕೈಯನ್ನು ತಾನೇ ಬಿಚ್ಚಿ ಕೆಳಗೆ ಎಸೆದಳು. ಇಡೀ ವಾರ್ಡಿನ ದೀಪಗಳು ಆರಿದವು. ತಬಸುಮ ಅತ್ತಳು. ನಾನು ಕನ್ನಡಕ ಒರೆಸಿಕೊಂಡೆ. ಮುಂದಿನದಕ್ಕಾಗಿ ನಾವಿಬ್ಬರೂ ಎರಡು ವರ್ಷ ಏಳು ತಿಂಗಳು ಕಾದೆವು. ಅದು ಬಂದ ದಿನ ನನ್ನ ತಂಗಿ ಶುಭದಾ ಮಹಾಕೂಟದ ದೇವಸ್ಥಾನಕ್ಕೆ ಕರೆದರೂ ಮೊಣಕಾಲು ನೋವೆಂದು ಸುಳ್ಳು ಹೇಳಿ ಮನೆಯಲ್ಲೇ ಉಳಿದೆ.

ಇನ್ನು ಎರಡನೇ ಸೀಸನ್. ತಮ್ಮ ಧೈರ್ಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಎಸೆದ ಕೈ ಯಾರಿಗೂ ಹೇಳದೆ ವಾಪಸು ಬಂದಿದೆ, ಬಂದದ್ದೂ ಬಲಗಡೆಗೆ. ಆರಿದ ದೀಪಗಳು ತಾವಾಗಿ ಹತ್ತಿವೆ. ನಮ್ಮ ಇಳಕಲ್ಲಿನಲ್ಲಿ ಕರೆಂಟು ಬಂದರೂ ಯಾಕೆ ಬಂತೆಂದು ನಾಲ್ಕು ಜನ ಮಾತಾಡಿಕೊಳ್ಳುತ್ತಾರೆ. ಮೊದಲ ಮೂರು ಕಂತುಗಳಲ್ಲಿ ಖಳನಾಯಕ ಕಿಟಕಿಯ ಹತ್ತಿರ ನಿಂತು ಮನುಷ್ಯ ಎಂದರೇನು ಎಂದು ಕೇಳುತ್ತಾನೆ, ಕಿಟಕಿಯೂ ಉತ್ತರ ಕೊಡುವುದಿಲ್ಲ. ಮೀನಾಕ್ಕ ಒಟ್ಟು ನಾಲ್ಕು ಮಾತಾಡುತ್ತಾಳೆ. ಉಳಿದ ಮಾತುಗಳನ್ನೆಲ್ಲ ಕುಂಬಳಕಾಯಿ ಗಾತ್ರದ ಒಂದು ಹೊಸ ಯಂತ್ರಕ್ಕೆ ವಹಿಸಿದ್ದೀರಿ. ಅದು ಬಾಂಬು ಬೀಳುವಾಗಲೂ ನಗೆಹನಿ ಹೇಳುತ್ತದೆ.

ತಬಸುಮ ತಮ್ಮ ಪರವಾಗಿಯೇ ವಾದ ಮಾಡಿದಳೆಂಬುದನ್ನು ತಾವು ತಿಳಿಯಬೇಕು. “ಅದು ಎಡಗೈನ ಐತ್ರಿ ಅಕ್ಕಾರ. ಕನ್ನಡ್ಯಾಗಿಂದ ತೋರಸಾಕತ್ತಾರ” ಎಂದಳು. “ಮೂರು ಕಂತು ಪೂರಾ ಕನ್ನಡಿಯೊಳಗ ಇರ್ತಾಳೇನ?” ಎಂದೆ ನಾನು. ಐದನೇ ಕಂತಿನ ಹೊತ್ತಿಗೆ ನನ್ನ ಹಳೆಯ ಚಟ ಎದ್ದಿತು. ನೋಟ್‌ಬುಕ್ಕು ತೆಗೆದು, ಕೆಂಪು ಪೆನ್ನಿನಿಂದ ಬರೆದು, ದೊಡ್ಡದಾಗಿ ಓದಿದೆ: “ವಿಷಯಾಂತರ. ನೂರಕ್ಕೆ ಹದಿನೆಂಟು. ಅನುತ್ತೀರ್ಣ.”

ತಬಸುಮ ಟಿ.ವಿ. ನೋಡುವುದು ಬಿಟ್ಟು ನನ್ನನ್ನು ನೋಡಿದಳು. “ನನ್ನ ಪೇಪರಿನ ಮ್ಯಾಲೂ ವಿಷಯಾಂತರ ಅಂತ ಬರದಿದ್ರಿ, ಅಕ್ಕಾರ.”

ಅವಳು ನನ್ನ ವಿದ್ಯಾರ್ಥಿನಿ ಎಂಬುದು ನನಗೆ ಗೊತ್ತಿತ್ತು, ಇದು ಗೊತ್ತಿರಲಿಲ್ಲ.

“ಏಳನೇ ಕ್ಲಾಸಿನ್ಯಾಗ ಮೆಚ್ಚಿನ ಹಬ್ಬದ ಮ್ಯಾಲೆ ನಿಬಂಧ ಬರೀರಿ ಅಂದಿದ್ರಿ. ನಾ ನಮ್ಮ ಮಗ್ಗದ ಮ್ಯಾಲೆ ಬರದೆ. ನೀವು ನಪಾಸ ಮಾಡಿದ್ರಿ. ಅಪ್ಪಾ ಸಾಲಿ ಬಿಡಿಸಿ ಅದ ಮಗ್ಗಕ್ಕ ಕುಂಡರಿಸಿದಾ.” ಇಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದಳು. ಯಂತ್ರ ಮಾತ್ರ ನಗೆಹನಿ ಹೇಳುತ್ತಲೇ ಇತ್ತು.

ಮಾನ್ಯರೇ, ಹನ್ನೆರಡು ದಿನ ಅವಳು ಬರಲಿಲ್ಲ. ನಾನು ಟಿ.ವಿ.ಗೆ ಬಟ್ಟೆ ಹೊದಿಸಿದೆ. ಮೂವತ್ತೊಂದು ವರ್ಷ ಆ ಶಬ್ದವನ್ನು ಎಷ್ಟು ಹಾಳೆಗಳ ಮೇಲೆ ಬರೆದಿದ್ದೆನೋ, ಒಂದು ಹಾಳೆಯೂ ನೆನಪಾಗಲಿಲ್ಲ. ಎರಡು ಸಲ ಅವಳ ಓಣಿಯ ತನಕ ಹೋಗಿ, ಕೊತ್ತಂಬರಿ ಕೊಂಡು ತಿರುಗಿ ಬಂದೆ. ಮನೆಯಲ್ಲಿ ಕೊತ್ತಂಬರಿ ಹೆಚ್ಚಾಯಿತು.

ಹದಿಮೂರನೆಯ ದಿನ ನೋಟ್‌ಬುಕ್ಕು, ಕೆಂಪು ಪೆನ್ನು ಹಿಡಿದು ಅವಳ ಮನೆಯೊಳಗೇ ಹೋದೆ. ಅವಳು ಮಗ್ಗ ನಿಲ್ಲಿಸಲಿಲ್ಲ. ಆ ಸಪ್ಪಳದಲ್ಲೇ ಹೇಳಿದೆ: “ಅವತ್ತ ನಿನ್ನ ಹಾಳಿ ಪೂರಾ ಓದದೇ ಗೀಟು ಎಳದಿರಬೇಕು ನಾ. ತಪ್ಪಾತು. ಮಗ್ಗದ ಮ್ಯಾಲೆ ಏನ ಬರದಿದ್ದಿ, ಈಗ ಹೇಳು.”

ಮಗ್ಗ ನಿಂತಿತು. ಅವಳು ನೂಲಿನ ಮೇಲೆ ಕೈಯಾಡಿಸುತ್ತ, “ಒಂದ ಮಾತು ನೆನಪೈತಿ. ಮಳಿ ಬಂದ್ರ ನೂಲೂ ಮುನಿಸ್ಕೊಂತೈತಿ, ನಮ್ಮಪ್ಪನೂ ಮುನಿಸ್ಕೊಂತಾನ ಅಂತ ಬರದಿದ್ದೆ” ಎಂದಳು.

ನನಗೆ ನಗು ತಡೆಯಲಾಗಲಿಲ್ಲ, ಆಮೇಲೆ ಅಳುವೂ ತಡೆಯಲಾಗಲಿಲ್ಲ. ಆ ಒಂದು ವಾಕ್ಯವೇ ಪಾಸು ಮಾಡಲು ಸಾಕಿತ್ತು. ಅದನ್ನೇ ಅವಳಿಗೆ ಹೇಳಿ, ಕೆಂಪು ಪೆನ್ನನ್ನು ಅವಳ ಕೈಗೆ ಕೊಟ್ಟೆ. “ಮೀನಾಕ್ಕನ ಪೇಪರು ನೀ ತಿದ್ದು.”

ಉಳಿದ ಏಳು ಕಂತುಗಳನ್ನು ಮೂರು ಸಂಜೆ ಒಟ್ಟಿಗೆ ನೋಡಿದೆವು. ತಬಸುಮ ನನ್ನಷ್ಟು ಮೃದುವಲ್ಲವೆಂದು ವಿಷಾದದಿಂದ ತಿಳಿಸುತ್ತೇನೆ. ತಮಗೆ ನೂರಕ್ಕೆ ಹನ್ನೊಂದು ಕೊಟ್ಟಳು. ಹಿನ್ನೆಲೆ ಸಂಗೀತಕ್ಕಾದರೂ ನಾಲ್ಕು ಸೇರಿಸೆಂದು ನಾನೇ ಕೇಳಿಕೊಂಡೆ. “ಹನ್ನೊಂದ ಭಾಳಾತ್ರಿ” ಎಂದಳು. ಸರಿ, ಕೆಳಗೆ ಫಲಿತಾಂಶ ಬರೆಯಲು ಪೆನ್ನು ತೆಗೆದುಕೊಂಡಾಗ ನನ್ನ ಕೈ ಹಿಡಿದಳು.

“ನಪಾಸ ಅಂತ ಬರೀಬ್ಯಾಡ್ರಿ, ಅಕ್ಕಾರ. ಇನ್ನೊಮ್ಮಿ ಬರಸ್ರಿ.”

ಆದ್ದರಿಂದ, ಮಾನ್ಯರೇ, ತಾವು ಎರಡನೇ ಸೀಸನ್ನನ್ನು ಮತ್ತೊಮ್ಮೆ ಬರೆಯತಕ್ಕದ್ದು. ಬರುವ ಏಪ್ರಿಲ್ ತಿಂಗಳಲ್ಲಿ ತಮ್ಮ ಸಮಸ್ತ ಕಲಾವಿದರೊಡನೆ ಇಳಕಲ್ಲಿಗೆ ದಯಮಾಡಿಸಬೇಕು. ಹುನಗುಂದದಿಂದ ಬಸ್ಸುಗಳಿವೆ, ಆ ಕುಂಬಳಕಾಯಿಯನ್ನು ಅಲ್ಲಿಯ ನಿಲ್ದಾಣದಲ್ಲೇ ಬಿಟ್ಟು ಬಂದರೆ ಉಪಕಾರವಾದೀತು. ತಬಸುಮಳ ಮಗ್ಗದ ಕೋಣೆಯಲ್ಲಿ ಚಾಪೆ ಹಾಸಿಕೊಡುತ್ತೇವೆ, ಊಟ ನಮ್ಮಲ್ಲಿ. ಪೆನ್ಸಿಲು ತಾವೇ ತರಬೇಕು. ಪಕ್ಕದವರದು ನೋಡಿ ಬರೆಯುವಂತಿಲ್ಲ. ಹಾಳೆಗಳನ್ನು ಪೂರ್ತಿ ಓದಲಾಗುವುದು. ಈ ಬಗ್ಗೆ ನಾನು ಮಾತು ಕೊಡುತ್ತೇನೆ.

ತಮ್ಮ ಬರುವಿಕೆಗಾಗಿ ಬಾಗಿಲು ತೆರೆದಿಟ್ಟಿರುವ,
ತಮ್ಮ ವಿಶ್ವಾಸಿ,
ರುಕ್ಮಿಣೀಬಾಯಿ
(ಮುಖ್ಯ ಪರೀಕ್ಷಕರು: ತಬಸುಮ)

ತಾ.ಕ.: ಕೊನೆಯ ಕಂತು ಮುಗಿದೊಡನೆ ಪರದೆಯ ಮೇಲೆ ಐದು ನಕ್ಷತ್ರಗಳು ಬಂದವು. ಅವು ಏನೆಂದು ತಿಳಿಯದೆ, ಟಿ.ವಿ. ಆರಿಸುವ ಅವಸರದಲ್ಲಿ ಗುಂಡಿ ಒತ್ತಿದ್ದರಿಂದ ಐದೂ ತಮಗೆ ಬಂದು ಸೇರಿವೆ. ಅವನ್ನು ವಾಪಸು ಪಡೆಯುವ ದಾರಿ ಮಿಲಿಂದನಿಗೂ ಸಿಕ್ಕಿಲ್ಲ. ದಯವಿಟ್ಟು ಆ ನಕ್ಷತ್ರಗಳನ್ನು ನಂಬಿಕೊಂಡು ಮೂರನೇ ಸೀಸನ್ ಮಾಡಬೇಡಿ.