ಮಗ್ಗದ ಕುಣಿಗೆ ಬಿದ್ದ ಮೊಬೈಲು

ದೊಡ್ಡವರ ಮನೆಯಲ್ಲಿ ಏನಾದರೂ ಒಡೆಯುತ್ತಲೇ ಇರುತ್ತದೆ. ಇಳಕಲ್ಲಿನ ನೇಕಾರರಲ್ಲೆಲ್ಲ ನಾನೇ ದೊಡ್ಡವ. ಇದನ್ನು ನಾನೇ ಹೇಳಬೇಕು, ಬೇರೆ ಯಾರೂ ಹೇಳುವುದಿಲ್ಲ. ಹಂಗಾಗಿ ನಮ್ಮಲ್ಲಿ ಒಡೆಯುವುದು ತುಸು ಜಾಸ್ತಿ. ಕಪ್ಪು, ಬಸಿ, ಎರಡು ಚಾಳೀಸು, ಕಡೆಗೆ ಮೊಬೈಲು.

೧. ಬಲಗಾಲಿನ ಪರಾಕ್ರಮ

ನನ್ನದು ಕುಣಿಮಗ್ಗ. ನೆಲದೊಳಗಿನ ಕುಣಿಗೆ ಕಾಲು ಇಳಿಬಿಟ್ಟು ತುಳಿಯುತ್ತ ನೇಯಬೇಕು. ನಲವತ್ತು ವರ್ಷದಿಂದ ನನ್ನ ಕಾಲು ಅಲ್ಲೇ ಸಂಸಾರ ಮಾಡಿದೆ. ಅವತ್ತು ಅಂಗಿ ಕಿಸೆಯಿಂದ ಮೊಬೈಲು ಜಾರಿ ಕುಣಿಗೆ ಬಿತ್ತು. ಎತ್ತಬೇಕು ನಿಜ, ಆದರೆ ಲಾಳಿ ಅರ್ಧ ಹಾದಿಯಲ್ಲಿತ್ತು. ನಡುವೆ ನಿಲ್ಲಿಸಿದರೆ ನನ್ನಂಥವನ ಮರ್ಯಾದೆ ಏನಾದೀತು? ಈ ಎಳೆ ಮುಗಿಯಲಿ ಅಂತ ತುಳಿದೆ. ಹಪ್ಪಳ ಮುರಿದಂಗ ಸಪ್ಪಳಾತು.

ಸೊಸೆ ಓಡಿ ಬಂದಳು. "ಮಾವಾರ, ಏನಾತ್ರಿ?"

"ಏನಿಲ್ಲವ್ವಾ, ಎಳಿ ಒಂದೂ ಹರದಿಲ್ಲ!"

ಅವಳು ಕುಣಿಯೊಳಗೆ ಇಣುಕಿ ಅಲ್ಲೇ ಕುಂತಳು. ಆ ಮೊಬೈಲಿನೊಳಗೆ ನನ್ನ ಹೆಂಡತಿಯ ವಿಡಿಯೋ ಇತ್ತು.

ನಮ್ಮ ಸೀರೆಯ ಮೈ ಬೇರೆ, ಸೆರಗು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ನನ್ನ ಹೆಂಡತಿ ಹಾಕಿದ ಕೊಂಡಿ ಸವರಿದರೂ ಬೆರಳಿಗೆ ಹತ್ತುತ್ತಿರಲಿಲ್ಲ. ಸೊಸೆ ಬಾದಾಮಿಯ ತವರಿಗೆ ಬಾಣಂತನಕ್ಕೆ ಹೋಗಿದ್ದಾಗ, ಬಂದಮೇಲೆ ನೋಡಿ ಕಲಿಯಲಿ ಅಂತ ನಾನೇ ಆ ವಿಡಿಯೋ ಹಿಡಿದಿದ್ದೆ. ಸೊಸೆ ಬಂದಳು, ಅಷ್ಟರೊಳಗೆ ಹೆಂಡತಿ ಹೋಗಿಬಿಟ್ಟಿದ್ದಳು. ಆಮೇಲೆ ಅದನ್ನು ತೆರೆಯುವ ಧೈರ್ಯ ನನಗೆ ಬರಲಿಲ್ಲ. ಸೊಸೆ ಹಾಕಿದ ಕೊಂಡಿ ಅರ್ಧಕ್ಕರ್ಧ ಬಿಚ್ಚುತ್ತವೆ. "ಅತ್ತಿಯವರ ಕೈ ಒಮ್ಮೆ ನೋಡಿದ್ರ ಸಾಕ್ರಿ," ಅಂತ ಬೆನ್ನು ಹತ್ತಿದ್ದಳು. ನಾಳೆ ತೋರಿಸುತ್ತೇನೆ ಅಂದ ದಿನವೇ ನಾನು ತುಳಿದದ್ದು.

ಊರ ಮೊಬೈಲು ಅಂಗಡಿಯವನು ಅದನ್ನು ಎರಡು ಬೆರಳಲ್ಲಿ ಹಿಡಿದೆತ್ತಿದ. "ಕಾಕಾ, ಇದರ ಮ್ಯಾಲೆ ಟ್ರ್ಯಾಕ್ಟರ್ ಹೋತೇನ್ರಿ?"

"ಇಲ್ಲಪಾ, ಟ್ರ್ಯಾಕ್ಟರಿಗೆ ಇಷ್ಟು ಆಗಂಗಿಲ್ಲ. ನಾನ ಹೋದೆ," ಅಂದೆ, ಎದೆ ಉಬ್ಬಿಸಿ.

೨. ಬಾಗಲಕೋಟೆಯ ತಂಪು ಕೋಣೆ

ಕಂಪನಿಯವರ ಸರ್ವೀಸ್ ಸೆಂಟರಿನಲ್ಲಿ ಟೋಕನ್ ಹಿಡಿದು ಮಧ್ಯಾಹ್ನದವರೆಗೆ ತಂಪಾದೆ. ಕಂಪ್ಯೂಟರಿನ ಹುಡುಗಿ ಹೇಳಿದಳು: "ಅಜ್ಜಾರ, ಫಿಸಿಕಲ್ ಡ್ಯಾಮೇಜ್ ಐತ್ರಿ. ವಾರಂಟಿ ಬರಂಗಿಲ್ಲ."

"ಒಡದದ್ದಕ್ಕ ಇಲ್ಲಂದ್ರ ಮತ್ಯಾವುದಕ್ಕ ಐತಿ?"

"ಒಡೀಲಾರದ್ದಕ್ಕ ಐತ್ರಿ."

ಆಮೇಲೆ ದೊಡ್ಡ ಮನಸ್ಸು ಮಾಡಿದಳು. "ಇದನ್ನ ಇಲ್ಲೇ ಬಿಡ್ರಿ, ಸ್ವಲ್ಪ ರೊಕ್ಕ ಕಟ್ಟಿದ್ರ ಬ್ಯಾರೆ ಕೊಡ್ತೇವಿ. ಒಳಗಿಂದೆಲ್ಲ ಅಳಸಿ ಹೋಕ್ಕೈತಿ, ಇಲ್ಲಿ ಸಹಿ ಮಾಡ್ರಿ."

"ನನ್ನ ಹೆಂಡತಿ ವಿಡಿಯೋ?"

"ಅದೂ ಹೋಕ್ಕೈತ್ರಿ."

ಪೆನ್ನು ಕೆಳಗಿಟ್ಟೆ. "ವಾಪಸ್ ಕೊಡವ್ವಾ ತಂಗಿ."

"ವಾಪಸ್ ಬೇಕಂದ್ರ ಓಟಿಪಿ ಹೇಳಬೇಕ್ರಿ. ನಿಮ್ಮ ಮೊಬೈಲಿಗೆ ಕಳಸೇನಿ."

"ಆ ಮೊಬೈಲು ನಿನ್ನ ಕೈಯಾಗ ಐತಲ್ಲವ್ವಾ?"

"ಹೌದಲ್ರಿ," ಅಂದವಳೇ ಪಾಪ, ಆ ಚೂರುಚೂರಾದ ಗಾಜನ್ನು ಓಢಣಿಯಿಂದ ಒರೆಸಿ ಒರೆಸಿ ನೋಡಿದಳು.

೩. ಹುನಗುಂದದಲ್ಲಿ ನನ್ನ ಮಾರಿ

ಹುನಗುಂದದ ಬಸ್‌ಸ್ಟ್ಯಾಂಡ್ ಹತ್ತಿರ ಒಬ್ಬ ವಯಸ್ಸಾದ ಸಾಬರು ಮೊಬೈಲು ರಿಪೇರಿ ಮಾಡುತ್ತಾರೆ. ಬಾಗಲಕೋಟೆಯಿಂದ ಹೆಂಗೋ ವಾಪಸ್ ಇಸಿದುಕೊಂಡ ಮೊಬೈಲು ಹಿಡಿದು ನಾನೂ ಸೊಸೆಯೂ ಅಲ್ಲಿಗೆ ಹೋದೆವು. ನಾನು ಸಂಗತಿಯನ್ನೆಲ್ಲ ಹೇಳಿದೆ. ಅವರು ಚಾಳೀಸು ಏರಿಸಿಕೊಂಡರು. ಅದೇ ಜಾತಿಯ ಒಂದು ಸತ್ತ ಮೊಬೈಲು ಹುಡುಕಿ ಅದರ ಗಾಜು ಬಿಚ್ಚಿ ನನ್ನದಕ್ಕೆ ಕೂಡಿಸಿದರು.

"ಅಣ್ಣಾರ, ಮೈ ನಿಮ್ಮದು, ಮಾರಿ ಮತ್ತೊಬ್ಬರದು. ನಿಮ್ಮ ಸೀರಿ ಇದ್ದಂಗ ಆತು ನೋಡ್ರಿ," ಅಂದರು.

ಮೊಬೈಲು ಬೆಳಗಿತು. ಸೊಸೆ ವಿಡಿಯೋ ಒತ್ತಿದಳು. ಮೂವರೂ ತಲೆ ಕೂಡಿಸಿ ಬಗ್ಗಿದೆವು.

ಕಂಡದ್ದು ನನ್ನ ಮಾರಿ.

ಮೊದಲು ನಾನು ನಾಲ್ಕು ಮಾತು ಹೇಳಿ, ಆಮೇಲೆ ಮೊಬೈಲನ್ನು ಹೆಂಡತಿಯ ಕೈ ಕಡೆ ತಿರುಗಿಸಿದ್ದೆ ಅಂತ ನನ್ನ ನಂಬಿಕೆ. ತಿರುಗಿಸಿರಲಿಲ್ಲ. ಐದು ನಿಮಿಷ ಬರೇ ನಾನೇ. "ಕೊಂಡಿ ಅಂದ್ರ ಏನು? ಇಡೀ ಜಗತ್ತಿನ್ಯಾಗ ನನ್ನಷ್ಟು ತಿಳದವ ಮತ್ತೊಬ್ಬ ಇಲ್ಲ!" ಸಾಬರು ಹಾಕಿದ ಗಾಜು ಎಷ್ಟು ಚಲೋ ಇತ್ತಂದರೆ, ಮೀಸೆಯ ಕೂದಲು ಎಣಿಸಬಹುದಿತ್ತು. ನನ್ನ ಕಿವಿಯ ಹಿಂದೆ ಅವಳ ಸೆರಗಿನ ಒಂದು ತುದಿ, ಬಳೆಯ ಸಪ್ಪಳ, ಅಷ್ಟೇ.

"ತುಸು ಸರೀರಿ, ಅಕಿಗೆ ನನ್ನ ಕೈ ಕಾಣಬೇಕು," ಅನ್ನುತ್ತಾಳೆ ಅವಳು.

"ತಡೀಯ, ಮೊದಲ ಇತಿಹಾಸ ಹೇಳ್ತೇನಿ!" ಅನ್ನುತ್ತದೆ ಆ ಮೀಸೆ.

ಸಾಬರು ನಗಲಿಲ್ಲ. ಸೊಸೆಯೂ ನಗಲಿಲ್ಲ. ಕಡೆಗೆ ನಕ್ಕವಳು ಹೆಂಡತಿಯೊಬ್ಬಳೇ, ವಿಡಿಯೋದೊಳಗೆ ನನ್ನ ಬೆನ್ನ ಹಿಂದಿನಿಂದ:

"ಆತು, ಮೊದಲ ನಿಮ್ಮದು ಮುಗೀಲಿ. ನಾ ನಾಳಿ ತೋರಸ್ತೇನಿ."