ಅಳಿಯಂದಿರ ಮೂರು ರೂಟರು

“ಇನ್ನು ಮುಂದೆ ಈ ಮನೆ ವೈಫೈಗೆ ಹೊರಗಿನ ನೊಣಾನೂ ನುಸುಳಂಗಿಲ್ಲ!”

ಮೊಳಕಾಲ್ಮೂರಿನ ಅತ್ತೆಮನೆಯ ಪಡಸಾಲೆಯಲ್ಲಿ ನಿಂತು ಮಾರುತೇಶ ಘೋಷಿಸಿದ. ಸಾಮಾನ್ಯ ಘೋಷಣೆಯೇ ಅದು? ಚಳ್ಳಕೆರೆಯಿಂದ ರಶ್ಶಿನ ಬಸ್ಸಿನಲ್ಲಿ ಮೂರು ರೂಟರುಗಳನ್ನು ತೊಡೆಯ ಮೇಲೆ ಕಾಪಾಡಿಕೊಂಡು ತಂದ ಮಹಾವೀರನ ಘೋಷಣೆ!

ಮದುವೆಯಾಗಿ ವರ್ಷಗಳೇ ಕಳೆದರೂ ಅವನು ಕೈಯಾರೆ ಒಂದು ಚೊಂಬು ನೀರು ಎತ್ತಿಕೊಳ್ಳುವಂತಿಲ್ಲ. “ಅಯ್ಯೋ, ಅಳಿಯಂದಿರು ನೀರು ತಗಂಬೋದಾ!” ಎಂದು ಅತ್ತೆ ಸೂರಮ್ಮ ಓಡಿ ಬರುತ್ತಿದ್ದರು. ಮರ್ಯಾದೆಯೇನೋ ಸರಿ. ಆದರೆ ಮಾರುತೇಶನಿಗೆ ಬೇಕಿದ್ದದ್ದು ಮನೆಮಗನ ಸ್ಥಾನ. ಒಂದು ಸಲವಾದರೂ “ಲೇ ಮಾರುತೇಶ, ಬಾರೋ ಇಲ್ಲಿ” ಅನ್ನಿಸಿಕೊಂಡರೆ ಜನ್ಮ ಸಾರ್ಥಕ ಅಂದುಕೊಂಡಿದ್ದ.

ಅವಕಾಶ ತಾನಾಗಿ ಒದಗಿತ್ತು. ಬಾಮೈದ ರವಿಕಿರಣ್ ರೇಷ್ಮೆ ಸೀರೆ ವ್ಯಾಪಾರಿ. ಸೀರೆಗಳ ಫೋಟೋಗಳನ್ನು ಫೋನಿನಿಂದ ಪಡಸಾಲೆಯ ದೊಡ್ಡ ಟಿವಿಗೆ ಹಾಕಿ ತೋರಿಸುತ್ತಿದ್ದ. ಬಂದವರಿಗೆಲ್ಲ ಅದೇ ವೈಫೈ ಆದ್ದರಿಂದ ಯಾರದೋ ಫೋನಿನ ಹಾಡು ಸೀರೆಯ ಮಧ್ಯೆ ಧುತ್ತೆಂದು ಕುಣಿಯುತ್ತಿತ್ತು.

“ನೋಡ್ರಿ ಅತ್ತೆ, ಮೊದಲನೇ ರೂಟರು ತಲೆಬಾಗಿಲು ಇದ್ದಂಗೆ. ಅದರ ಹಿಂದೆ ಎಲ್ಡು. ಒಂದು ಮನೆಯೋರಿಗೆ. ಟಿವಿ ಅದರಾಗೇ ಐತೆ, ಸ್ಪೀಡೂ ಜೋರು. ಇನ್ನೊಂದು ಹೊರಗಿನೋರಿಗೆ, ನಿಧಾನ. ಅದರಾಗಿರೋರು ಇತ್ಲಾಗೆ ಇಣುಕಾಕೂ ಆಗಲ್ಲ!”

ಯಾರಿಗೆ ಯಾವ ಪಾಸ್‌ವರ್ಡ್ ಕೊಡಬೇಕೆಂಬ ಅಧಿಕಾರವನ್ನು ಮನೆಯ ಯಜಮಾನಿ ಸೂರಮ್ಮನವರಿಗೇ ಒಪ್ಪಿಸಿದ. ಅವರು ಮೊದಲು ಅವನ ಫೋನಿಗೇ ಪಾಸ್‌ವರ್ಡ್ ಹಾಕಿಸಿದರು. ಜೋರಿನದು! ಮಾರುತೇಶನ ಕಣ್ಣು ತುಂಬಿಬಂತು.

ಮಧ್ಯಾಹ್ನ ರಾಯದುರ್ಗದಿಂದ ಮದುವೆ ಸೀರೆಗೆಂದು ಹೆಣ್ಣಿನ ಕಡೆಯವರು ಬಂದರು. ದೊಡ್ಡ ಗಿರಾಕಿ. ರವಿಕಿರಣ್ ಫೋನನ್ನು ತಿಕ್ಕಿದ, ತಿರುಗಿಸಿದ.

“ಭಾವಾ, ಟೀವೀನೇ ಕಾಣವಲ್ದು!”

ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ನೂಲಿನ ವ್ಯಾಪಾರಿ ತೋಟಪ್ಪ ತನ್ನ ಫೋನಿನಲ್ಲಿ ಏನನ್ನೋ ಒತ್ತಿದ. ಟಿವಿ ಗುಡುಗಿತು: “ಮೂಲವ್ಯಾಧಿಗೆ ಮೂರೇ ದಿನದಲ್ಲಿ ಮುಕ್ತಿ!”

ಜೊತೆಗೆ ಚಿತ್ರವೂ ಬಂತು. ಮದುವೆ ಹೆಣ್ಣು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ಅಜ್ಜಿ, “ಏಮಯ್ಯಾ, ನೀವು ಮಾರೋದು ಸೀರೇನಾ, ಔಷಧಾನಾ?” ಎನ್ನುತ್ತ ಚಪ್ಪಲಿ ಹುಡುಕತೊಡಗಿದರು.

ಹೆಂಡತಿ ಜ್ಯೋತಿಲಕ್ಷ್ಮಿಯ ಫೋನಿಗೂ ಟಿವಿ ಸಿಗಲಿಲ್ಲ. ಮಾರುತೇಶ ತನ್ನದನ್ನು ತೆಗೆದ. ಸಿಕ್ಕಿತು! ರವಿಕಿರಣ್ ಕಳಿಸಿದ ಫೋಟೋಗಳನ್ನು ಒಂದೊಂದಾಗಿ ಹಾಕಿದ. ಅಜ್ಜಿ ಮತ್ತೆ ಕೂತರು. ವ್ಯಾಪಾರ ಕುದುರಿತು.

ಗಿರಾಕಿಗಳು ಹೋದ ಮೇಲೆ ಜ್ಯೋತಿಲಕ್ಷ್ಮಿ ಕೇಳಿದಳು: “ಅಲ್ರೀ, ನಮ್ಮ ಯಾರ ಫೋನಿಗೂ ಆಗ್ಲಿಲ್ಲ. ನಿಮ್ಮದೊಂದಕ್ಕೇ ಹೆಂಗಾತು?”

“ಮನೆಯೋರ ರೂಟರಿನಾಗೆ ಇದ್ದೀನಿ ಕಣೇ! ಅತ್ತೇನೇ ಹಾಕ್ಸಿದ್ದು!” ಮಾರುತೇಶನ ಎದೆ ಒಂದು ಗೇಣು ಉಬ್ಬಿತು.

ಅವಳಿಗೆ ಅನುಮಾನ. “ಅವ್ವಾ, ತೋಟಪ್ಪಗೆ ಯಾವುದು ಕೊಟ್ಟೆ?”

“ಜೋರಿಂದು. ಬಂದೋರಿಗೆ ನಿಧಾನದ್ದು ಕೊಟ್ರೆ ಏನಂದ್ಕಂಡಾರು? ನಾವು ಮನೆಯೋರು, ಹೆಂಗೋ ಸುಧಾರಿಸ್ಕಂಬೋದು ಅಂತ ನಿಮಗೆಲ್ಲ ನಿಧಾನದ್ದೇ ಹಾಕ್ಸಿದೆ.”

“ಮತ್ತೆ ಇವರಿಗೆ?”

“ಅಯ್ಯೋ ಹುಚ್ಚಿ, ಅಳಿಯಂದಿರಿಗೆ ಎಲ್ಲರಿಗಿಂತ ಮೊದ್ಲೇ ಜೋರಿಂದು ಕೊಟ್ಟಿಲ್ವಾ! ಎಷ್ಟಾದ್ರೂ ಹೊರಗಿನೋರು!”