ವಾಪಸ್ ಬಂದ ಪಾಸ್‌ವರ್ಡ್

ನಮ್ಮೂರಿನ ನೀರು ಬಿಡುವ ಕಾಕಾ ಜಗತ್ತಿನಲ್ಲಿ ಬೇರೆ ಯಾರೂ ಮಾಡದ ಒಂದು ಕೆಲಸ ಮಾಡುತ್ತಾರೆ: ಕೊಟ್ಟ ಪಾಸ್‌ವರ್ಡನ್ನು ವಾಪಸ್ ಪಡೆಯುತ್ತಾರೆ. ನಂಬಿಕೆ ಬರುವುದಿಲ್ಲವೇ? ನನಗೂ ಬಂದಿರಲಿಲ್ಲ. ಗೋಕಾಕದ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆ ಮಾಡಿದವಳು ನಾನು. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂದರೂ ಆಧಾರ ಕೇಳುವ ಚಟ.

ಮೂಡಲಗಿ ಕಡೆಯ ನಮ್ಮ ಸಣ್ಣ ಊರಿನಲ್ಲೂ ಈಗ ನೀರಿನ ವಾಲ್ವುಗಳು ಮೊಬೈಲಿನಿಂದ ತೆರೆದು ಮುಚ್ಚುತ್ತವೆ. ನೀರಿಗೆ ಎಷ್ಟು ಕ್ಲೋರಿನ್ ಬೀಳಬೇಕು ಎಂಬುದೂ ಅದರಲ್ಲೇ. ಇಂಥ ವ್ಯವಸ್ಥೆಗೆ ಕಂಡಕಂಡವರು ಕೈಹಾಕದಂತೆ ನೆರವಾಗುವ ಸ್ವಯಂಸೇವಕರ ತಂಡದಲ್ಲಿ ನಾನಿದ್ದೇನೆ. ಪ್ರಶ್ನೆಪಟ್ಟಿ ಹಿಡಿದು ಪಂಪ್‌ಹೌಸಿಗೆ ಹೋದೆ.

“ಕಾಕಾ, ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತೈತ್ರಿ?”

“ಈಗ ಒಂದ ಮನಿಗಷ್ಟ ಐತಿ. ಉಳದವ್ರೆಲ್ಲಾ ವಾಪಸ್ ಕೊಟ್ಟಾರ.”

“ವಾಪಸ್ ಅಂದ್ರ?”

“ಮದಿವಿ ಮುಗೀತಲ್ಲವಾ, ಆ ಮನಿಯವ್ರು ಲಾಡು ತಂದ್ರು. ‘ತಗೋರಿ ಕಾಕಾ, ನಿಮ್ಮ ಪಾಸ್‌ವರ್ಡ್’ ಅಂದ್ರು. ತಗೊಂಡೆ.”

ತೆಗೆದುಕೊಂಡದ್ದು ಲಾಡೋ, ಪಾಸ್‌ವರ್ಡೋ?

ಹಿಂದೆ ನಮ್ಮೂರಲ್ಲಿ ಮದುವೆಯಾಗಲಿ ಸಾವಾಗಲಿ, ಆ ಮನೆಯವರಿಗೆ ಓಣಿಯ ವಾಲ್ವ್ ತಿರುವುವ ಕಬ್ಬಿಣದ ಚಾವಿಯನ್ನೇ ಕೊಟ್ಟುಬಿಡುವ ರೂಢಿ ಇತ್ತು. ಬೇಕಾದಾಗ ನೀರು ಬಿಟ್ಟುಕೊಂಡು, ಕೆಲಸ ಮುಗಿದ ಮೇಲೆ ತಂದು ಒಪ್ಪಿಸಬೇಕು. ಚಾವಿ ಹೋಗಿ ಪಾಸ್‌ವರ್ಡ್ ಬಂದಾಗ ಕಾಕಾ ರೂಢಿ ಬಿಡಲಿಲ್ಲ. ಪಾಸ್‌ವರ್ಡ್ ಕೊಡತೊಡಗಿದರು.

“ಕಾಕಾ, ಹೋದ ವಾರ ಭರ್ತಿ ಟಾಕಿ ಮಧ್ಯಾಹ್ನ ಖಾಲಿ ಆಗಿ ರಸ್ತೆ ಹಳ್ಳ ಆತಲ್ರಿ, ಅದ್ಯಾರು?”

“ಆ ಮದಿವಿ ಮನಿಯವ್ರ ಬೀಗರು, ಕಣಗಲಾದವ್ರು. ಮದಿವ್ಯಾಗ ನೋಡಿದ್ದ ಪಾಸ್‌ವರ್ಡ್ ನೆನಪಿತ್ತಂತ, ಅಲ್ಲೇ ಕುಂತು ಮೊಬೈಲ್ ಒತ್ಯಾರ. ನಾ ಫೋನ್ ಹಚ್ಚಿ ಕೇಳಿದೆ. ‘ತಪ್ಪಾತ್ರಿ, ಇನ್ನ ಮರೀತೀನಿ’ ಅಂದ್ರು. ಬೀಗರಿಗೆ ಇನ್ನೇನ ಅನ್ನೂದವಾ?”

ಹುಕ್ಕೇರಿ ತಾಲ್ಲೂಕಿನ ಕಣಗಲಾ ಎಲ್ಲಿ, ನಮ್ಮ ನೀರು ಎಲ್ಲಿ! ವಾದ ಗೆಲ್ಲಲು ಇಷ್ಟು ಸಾಕ್ಷಿ ಸಾಕಲ್ಲವೇ?

“ಇವತ್ತ ವಾಲ್ವ್ ಒತ್ಯಾರ. ನಾಳೆ ಯಾರರ ಕ್ಲೋರಿನ್ ಅಂಕಿ ಏರಿಸಿದ್ರ, ಸಾಲಿ ಹುಡುಗ್ರು ಏನ್ ಕುಡೀಬೇಕ್ರಿ? ಪಾಸ್‌ವರ್ಡ್ ಈಗಿಂದೀಗ ಬದಲಿ ಮಾಡೂನು.”

“ಖರೆ ಐತಿ. ಆದ್ರ ಐದ ದಿನ ತಡಿ. ಕಡೀ ಓಣ್ಯಾಗ ಒಬ್ಬ ಹುಡುಗಿ ಗಂಡ ತೀರಕೊಂಡ, ಪಾಸ್‌ವರ್ಡ್ ಈಗ ಇರೂದು ಆ ಮನ್ಯಾಗ. ಬರೂ ಮಂದಿ ಬಾಳ, ಹೊತ್ತಿಲ್ಲದ ಹೊತ್ತಿನ್ಯಾಗ ನೀರ ಬೇಕ. ಸತ್ತ ಮನಿಗೆ ಕೊಟ್ಟದ್ದನ್ನ ಸೂತಕದ ದಿನ ಮುಗಿಯೂದರಾಗ ಕಸ್ಗೊಳ್ಳೂದೇನ?”

ಇತ್ತ ಇಡೀ ಊರಿನ ನೀರು, ಅತ್ತ ಆ ಒಂದು ಮನೆ. ಯಾವ ಪಕ್ಷದಲ್ಲಿ ನಿಲ್ಲಿಸಿದರೂ ವಾದಿಸಿ ಗೆದ್ದವಳು ನಾನು. ಎರಡೂ ಪಕ್ಷದಲ್ಲಿ ಒಟ್ಟಿಗೇ ಸೋತದ್ದು ಅದೇ ಮೊದಲು.

ಪಟ್ಟಿಯಲ್ಲಿ ಒಂದು ಪ್ರಶ್ನೆ ಉಳಿದಿತ್ತು: ಕಂಪ್ಯೂಟರ್ ನಿಂತರೆ ಕೈಯಿಂದ ನಡೆಸಬಹುದೇ? ಉತ್ತರ ‘ಇಲ್ಲ’ ಎಂದು ಮನೆಯಲ್ಲೇ ಬರೆದುಕೊಂಡು ಬಂದಿದ್ದೆ. ಆದರೂ ಕೇಳಿದೆ. ಕಾಕಾ ಮೋಟಾರಿನ ಹಿಂದಿನಿಂದ, ಬಟ್ಟೆ ಸುತ್ತಿದ, ಸೊಂಟದೆತ್ತರದ ಕಬ್ಬಿಣದ ಚಾವಿ ತೆಗೆದರು. ಎಣ್ಣೆ ಹಚ್ಚಿ ಫಳಫಳ.

“ಇದು ಇನ್ನೂ ನಡೀತೈತ್ರಿ?”

“ಯಾಕ ನಡಿಯೂದಿಲ್ಲ?”

“ಮತ್ತ ಆ ಮನಿಗೆ ಇದನ್ನ ಕೊಡೂದ ಬಿಟ್ಟು...”

“ಪಂಚಾಯ್ತಿ ಸಾಹೇಬ್ರು ಚಾವಿ ಯಾರಿಗೂ ಕೊಡಬ್ಯಾಡ ಅಂದಾರ. ಪಾಸ್‌ವರ್ಡ್ ಬಗ್ಗೆ ಏನೂ ಅಂದಿಲ್ಲ.”

ಇದಕ್ಕೆ ಏನು ಹೇಳುತ್ತೀರಿ? ಪಾಸ್‌ವರ್ಡ್ ಇಡೀ ಊರನ್ನು ತೆರೆಯುತ್ತದೆ, ಅದೂ ಎಲ್ಲಿಂದ ಬೇಕಾದರೂ. ಈ ಚಾವಿ ತೆರೆಯುವುದು ನಿಂತ ಓಣಿಯನ್ನು ಮಾತ್ರ. ಸಾಹೇಬರಿಗೆ ನಾನೇ ಹೇಳುತ್ತೇನೆಂದು ಒಪ್ಪಿಸಿದೆ. ಪಾಸ್‌ವರ್ಡ್ ಬದಲಾಯಿಸಿ, ಚಾವಿ ಹೊತ್ತು ಇಬ್ಬರೂ ಕಡೆಯ ಓಣಿಗೆ ಹೋದೆವು. ಕಾಕಾ ಆ ಮನೆಯ ತಲೆಬಾಗಿಲ ಹಿಂದೆ ಚಾವಿ ಒರಗಿಸಿ ಹೊರಬಂದರು.

ಬಾಗಿಲ ಹಿಂದೆ ನಿಂತ ಆ ಕಬ್ಬಿಣವನ್ನು ನಾನು ಮೊದಲೇ ನೋಡಿದ್ದೆ. ಅಪ್ಪ ತೀರಿಕೊಂಡಾಗ ನಾನು ಶಾಲೆಯಲ್ಲಿ ಮೂರನೆಯ ಇಯತ್ತೆ. ಅದೇನೆಂದು ಯಾರೂ ಹೇಳಿರಲಿಲ್ಲ.

“ಕಾಕಾ, ಇದು ನಮ್ಮನಿಗೂ ಬಂದಿತ್ತೇನ್ರಿ?”

“ಬಂದಿತ್ತವಾ. ದಿನ ಮುಗದ ಮ್ಯಾಲ ಒಯ್ಯಾಕ ಬಂದೆ. ನೀ ಅದನ್ನ ಕುದರಿ ಮಾಡ್ಕೊಂಡು ಪಡಸಾಲ್ಯಾಗ ಎಳದಾಡಿ ನಗಾಕತ್ತಿದ್ದಿ. ಅಷ್ಟ ದಿನದಾಗ ನೀ ನಕ್ಕಿದ್ದು ಅವತ್ತ ಮೊದಲ ಅಂತ, ನಿಮ್ಮವ್ವ ಹೇಳಿದ್ಲು. ಚಾವಿ ಅಲ್ಲೇ ಬಿಟ್ಟು ಹಂಗ ತಿರಿಗಿ ಬಂದೆ. ಒಂದ ತಿಂಗಳ ನಟ್ ಬಿಚ್ಚೂ ಪಾನಾ ಹಿಡಕೊಂಡ ವಾಲ್ವ್ ತಿರುವಿದೆ.”